ಹೆಜಮಾಡಿಯ ಮನೆಯಲ್ಲಿ ಬಾಳಿದ್ದು

೧೪ ಫೆಬ್ರವರಿ ೧೯೭೧, ಘಾಟ್ಕೋಪರ್

ಪಿಂಚಣಿ ಕಚೇರಿಯ ಪ್ರಶ್ನೆಗಳಿಗೆ ಉತ್ತರ ಬರೆದು ಇಂದು ಅಂಚೆಗೆ ಹಾಕಿದೆ. ಕಚೇರಿಗೆ ಇಂಗ್ಲಿಷು, ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷು. ಈ ಪುಸ್ತಕದಲ್ಲಿ ಮಾತ್ರ ಕನ್ನಡ. ಇಲ್ಲಿ ನನ್ನನ್ನು ಯಾರೂ ತಿದ್ದುವುದಿಲ್ಲ.

ಅವರು ಹೋದದ್ದು ನವೆಂಬರಿನಲ್ಲಿ. ಲಡಾಖಿನ ರಸ್ತೆಯಲ್ಲಿ ಲಾರಿ ಉರುಳಿತೆಂದು ಮೊದಲು ತಂತಿ ಬಂತು, ಆಮೇಲೆ ಅವರ ಕಪ್ಪು ಟ್ರಂಕು ಬಂತು, ಈಗ ಪ್ರಶ್ನೆಗಳು ಬರುತ್ತಿವೆ. ದಿವಂಗತ ಸುಬೇದಾರ್ ದೂಜ ಪೂಜಾರಿಯವರ ಹೆಂಡತಿ ಶೀಲಾವತಿ ನಾನೇ ಎಂದು ಎಷ್ಟು ಕಡೆ ಬರೆದೆನೋ. ಒಂದು ಪ್ರಶ್ನೆ ಹೀಗಿತ್ತು: ಮದುವೆಯ ನಂತರ ನೀವು ಗಂಡನ ಮನೆಯಲ್ಲಿ ವಾಸವಾಗಿದ್ದಿರೋ? ನಾನು ಬರೆದೆ: ಇಲ್ಲ, ಎಂದೂ ಇಲ್ಲ, ನನ್ನ ತಾಯಿಯ ಮನೆಯಲ್ಲಿದ್ದೆ. ನೇರ ಪ್ರಶ್ನೆಗೆ ನೇರ ಉತ್ತರ ಕೊಡಬೇಕೆಂದು ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿಸಿದ್ದರು.

ಅಂಚೆಪೆಟ್ಟಿಗೆಯಿಂದ ಮರಳುವಾಗ ಅನುಮಾನ ಹುಟ್ಟಿತು. ನಮ್ಮದು ಅಳಿಯಕಟ್ಟು, ನಮ್ಮ ಮನೆತನದಲ್ಲಿ ಹೆಣ್ಣು ಹುಟ್ಟಿದ ಮನೆ ಬಿಟ್ಟು ಹೋಗುವುದಿಲ್ಲ, ಗಂಡನೇ ಬಂದು ಹೋಗುತ್ತಾನೆ ಎಂದು ವಿವರಿಸಬೇಕಿತ್ತೇ? ಗಂಡಸಿನ ಆಸ್ತಿ ಹೆಂಡತಿ ಮಕ್ಕಳಿಗಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ ಸೇರುತ್ತಿತ್ತು ಎಂದೂ? ಆದರೆ ಬರೆಯಲು ಬಿಟ್ಟ ಜಾಗ ಒಂದೇ ಗೆರೆಯಷ್ಟು.

ರಜೆ ಸಿಕ್ಕಾಗ ಅವರು ಮಂಗಳೂರಿನ ಬೋಳಾರದ ನಮ್ಮ ಮನೆಗೆ ಬರುತ್ತಿದ್ದರು. ಮೆಟ್ಟಿಲ ಬಳಿ ಬೂಟು ಬಿಚ್ಚಿ, ಅವುಗಳ ಮೂತಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಇಡುತ್ತಿದ್ದರು. ನೆಂಟನ ಬೂಟು ಹಾಗೇ ಇರಬೇಕು ಎನ್ನುತ್ತಿದ್ದರು. ಅಮ್ಮ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅವರು ಸ್ನಾನಕ್ಕೆ ಹೋದಾಗ ಆ ಬೂಟುಗಳನ್ನು ನೋಡುತ್ತ ನಿಂತಿರುತ್ತಿದ್ದೆ. ಅಮ್ಮ ಹೋದ ಮೇಲೆ ನಾನು ಮುಂಬಯಿಗೆ ಬಂದು ಶಾಲೆಯಲ್ಲಿ ಟೀಚರಾಗಿ ಸೇರಿದೆ. ಈ ಕೋಣೆಯ ಬಾಗಿಲಲ್ಲೂ ಅವರ ಬೂಟು ಹೊರಮುಖವಾಗಿಯೇ ಇರುತ್ತಿತ್ತು.

ಹೆಜಮಾಡಿಯ ಅವರ ಮನೆಯನ್ನು ನಾನು ಒಮ್ಮೆಯೂ ನೋಡಿಲ್ಲ. ಅರುವತ್ತನಾಲ್ಕರ ಮಳೆಗಾಲದಲ್ಲಿ ಕಡಲು ಕೊರೆದು ಆ ಮನೆಯೇ ಹೋಯಿತು.

೨೬ ಮಾರ್ಚ್

ಉತ್ತರ ಬಂದಿದೆ. ಸುಬೇದಾರರು ಸೇನೆಗೆ ಸೇರಿದಾಗ ವಾರಸುದಾರನೆಂದು ಅಕ್ಕನ ಮಗನ ಹೆಸರು ಬರೆಸಿದ್ದಾರಂತೆ. ಅರ್ಜಿದಾರಳು ಗಂಡನ ಮನೆಯಲ್ಲಿ ಎಂದೂ ಇರಲಿಲ್ಲವೆಂದು ತಾನೇ ಒಪ್ಪಿಕೊಂಡಿದ್ದಾಳಂತೆ. ಆದ್ದರಿಂದ ತಾನು ಗಂಡ ಬಿಟ್ಟವಳಲ್ಲವೆಂದು ಅವಳು ಸಾಬೀತು ಮಾಡಬೇಕಂತೆ.

ಅವರು ಸೇನೆಗೆ ಸೇರಿದ್ದು ನಲವತ್ತೆರಡರಲ್ಲಿ. ಆಗ ನಾನು ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದೆ. ಅಕ್ಕನ ಮಗ ಸೀನ ತೊಟ್ಟಿಲಲ್ಲಿದ್ದ. ವಾರಸುದಾರ ಯಾರು ಎಂದು ಕೇಳಿದಾಗ ನಮ್ಮ ಯಾವ ಗಂಡಸಾದರೂ ಹೇಳುವುದನ್ನೇ ಅವರೂ ಹೇಳಿದ್ದಾರೆ. ಮದುವೆಯಾದ ಮೇಲೆ ಬದಲಿಸಬಹುದಿತ್ತಲ್ಲವೇ? ಬದಲಿಸಬೇಕೆಂದು ಅವರಿಗೆ ತೋಚಲಿಲ್ಲವೋ, ಬೇಡವೆನಿಸಿತೋ?

ಪಿಂಚಣಿ ಬಾರದಿದ್ದರೆ ಮಗಳು ಚಂಪಾಳ ಕಾಲೇಜು ನಿಲ್ಲುತ್ತದೆ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ.

೩೧ ಮಾರ್ಚ್

ಶಾಲೆಗೆ ರಜೆ ಹಾಕಿ ಫೋರ್ಟಿನ ಕಚೇರಿಗೆ ಹೋದೆ. ಜಗುಲಿಯಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವ ಶಿವಪುತ್ರಪ್ಪ ಎಂಬವರು ಇದ್ದಾರೆ. ಬಾಗಲಕೋಟೆ ಕಡೆಯವರು, ಸೇನೆಯಲ್ಲಿ ಗುಮಾಸ್ತರಾಗಿದ್ದವರು. ಬಾಯಿತುಂಬ ಎಲೆಯಡಿಕೆ, ಎದುರು ಇದ್ದವರ ಮುಖ ನೋಡದೆ ಮಾತಾಡುವ ಅಭ್ಯಾಸ. ನನ್ನ ಉತ್ತರದ ಪ್ರತಿಯನ್ನು ಓದಿ ಕನ್ನಡಕ ತೆಗೆದಿಟ್ಟರು.

"ಬಾಯಾರ, ಖರೇ ಬರದೀರಿ. ಖರೇ ಬರೀರಿ ಅಂತ ನಿಮಗ ಯಾರು ಹೇಳಿದ್ರು? ಲಗ್ನ ಆದ ಹೆಣ್ಣುಮಗಳು ತವರ ಮನ್ಯಾಗ ಕುಂತಾಳಂದ್ರ ಗಂಡ ಬಿಟ್ಟಾನ ಅಂತ ಅರ್ಥ. ಇಲ್ಲಿ ಅದೊಂದ ಅರ್ಥ ಐತಿ."

ಮತ್ತೆ ಬರೆಯಿರಿ, ಗಂಡನ ಮನೆಯಲ್ಲಿ ಬಾಳಿದೆ ಎನ್ನಿರಿ, ಮೊದಲಿನದು ಗಾಬರಿಯಲ್ಲಿ ಬರೆದದ್ದು ಎನ್ನಿರಿ ಎಂದರು. ಸುಳ್ಳು ಬರೆಯಲಾರೆ ಎಂದೆ. ಹಾಗಿದ್ದರೆ ನಿಮ್ಮ ರಿವಾಜು ಏನೆಂದು ಅವರಿಗೆ ತಿಳಿಸಿ ನೋಡಿ ಎಂದು ಹೇಳಿ ಮುಂದಿನವರನ್ನು ಕರೆದರು.

೧೮ ಏಪ್ರಿಲ್

ಈಸ್ಟರ್ ರಜೆಯೆಲ್ಲ ಕುಳಿತು ಪತ್ರ ಬರೆದೆ. ಅಳಿಯಕಟ್ಟು ಎಂದರೇನು, ನಮ್ಮ ಕುಟುಂಬ ತಾಯಿಯಿಂದ ಮಗಳಿಗೆ ಹೇಗೆ ಸಾಗುತ್ತದೆ, ಹೆಂಡತಿ ತವರಿನಲ್ಲಿರುವುದು ಏಕೆ ಅವಮಾನವಲ್ಲ, ಸೋದರಳಿಯನನ್ನು ವಾರಸುದಾರನೆಂದು ಬರೆಸುವುದು ಏಕೆ ಸಹಜ, ಎಲ್ಲವನ್ನೂ ಒಂದರಿಂದ ಇನ್ನೊಂದು ಹುಟ್ಟುವಂತೆ ಬರೆದಿದ್ದೇನೆ. ಹೊಡೆದು ಹಾಕಿದ ಒಂದು ಪದವೂ ಇಲ್ಲ. ಚಂಪಾ ಓದಿ, "ಮಮ್ಮಿ, ಇದು ಕಾಲೇಜಲ್ಲಿ ಪಢಾನಾ ಚಾಹಿಯೇ" ಎಂದಳು, ಪಾಠವಾಗಿ ಕಲಿಸಬೇಕಂತೆ.

ಇಷ್ಟು ಒಳ್ಳೆಯ ಪತ್ರವನ್ನು ಅವರು ಬದುಕಿದ್ದಾಗ ನಾನು ಅವರಿಗೆ ಒಮ್ಮೆಯೂ ಬರೆದಿರಲಿಲ್ಲ ಎಂಬುದು ಹೊಳೆದು ಸ್ವಲ್ಪ ಹೊತ್ತು ಲಕೋಟೆ ಅಂಟಿಸಲಾಗಲಿಲ್ಲ.

೯ ಜುಲೈ

ಕಚೇರಿಯ ಉತ್ತರ: "ನಿಮ್ಮ ವಿವರವಾದ ಪತ್ರದ ಪ್ರಕಾರವೇ ಮೃತರ ಯೋಗ್ಯ ವಾರಸುದಾರ ಅವರ ಸೋದರಳಿಯ. ನಿಮ್ಮ ಹಕ್ಕಿನ ಆಧಾರ ತಿಳಿಸುವುದು."

ಬೇರೆ ಏನೂ ಬರೆಯಲು ಮನಸ್ಸಿಲ್ಲ.

೧೨ ಜುಲೈ

ಶಿವಪುತ್ರಪ್ಪ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಇನ್ನು ಉಳಿದಿರುವುದು ಒಂದೇ ದಾರಿಯಂತೆ. ಸೀನ ತನಗೆ ಬೇಡವೆಂದು ಬರೆದುಕೊಡಬೇಕು. ಗಂಡನ ಅಕ್ಕ, ಈಕೆ ನಮ್ಮ ಮನೆಯಲ್ಲಿ ಬಾಳಿದವಳು ಎಂದು ವಿಚಾರಣೆಯಲ್ಲಿ ಹೇಳಬೇಕು. ಮನೆಯೇ ಇಲ್ಲವಲ್ಲ ಎಂದೆ. "ಛಲೋ ಆತಲ್ರಿ. ಹೋಗಿ ನೋಡೂವಂಥಾದ್ದು ಏನೂ ಉಳಿದಿಲ್ಲ" ಎಂದರು.

೧ ಆಗಸ್ಟ್

ಅಂಧೇರಿಗೆ ಹೋಗಿದ್ದೆ. ಸ್ಟೇಷನ್ನಿನ ಹತ್ತಿರ ಸೀನನ ಹೋಟೆಲು, ಅದರ ಹಿಂದೆ ಎರಡು ಕೋಣೆ. ನನ್ನ ಗಂಡನ ಅಕ್ಕ, ಸೀನನ ತಾಯಿ ವಾರಿಜಾ ಅಲ್ಲಿಯೇ ಇರುತ್ತಾರೆ. ಅಡುಗೆಕೋಣೆಯ ಮೂಲೆಯಲ್ಲಿ ಮಣೆಯ ಮೇಲೆ ಮನೆಯ ದೈವದ ಹಿತ್ತಾಳೆಯ ಮೊಗವಾಡ, ಹೂವು, ಸಣ್ಣ ದೀಪ. ಹೆಜಮಾಡಿಯ ಮನೆಯಿಂದ ಉಳಿಸಿ ತಂದದ್ದು ಅದೊಂದೇ.

ಸೀನ ಗಲ್ಲಾಪೆಟ್ಟಿಗೆಯ ಬಳಿಯಿಂದ ಎದ್ದು ಬಂದು ಕುರ್ಚಿ ಹಾಕಿದ. "ಎಲ್ಲಿ ಬೇಕೋ ಅಲ್ಲಿ ಸೈನ್ ಮಾಡ್ತೇನೆ ಮಾಮಿ. ನಾನು ಇಷ್ಟು ದೊಡ್ಡ ವಾರಸ್‌ದಾರ ಅಂತ ಮೊದ್ಲೇ ಗೊತ್ತಿದ್ರೆ ಜುಹೂನಲ್ಲಿ ಇನ್ನೊಂದು ಹೋಟೆಲ್ ಹಾಕ್ತಿದ್ದೆ." ಆದರೆ ಅಮ್ಮ ಹೂಂ ಅನ್ನಬೇಕು ಎಂದು ಮೆಲ್ಲಗೆ ಸೇರಿಸಿದ.

ವಾರಿಜಾ ದೈವದ ದೀಪಕ್ಕೆ ಎಣ್ಣೆ ಹೊಯ್ದರು. ಆಮೇಲೆ ತುಳುವಿನಲ್ಲಿ ಹೇಳಿದ್ದನ್ನು ಕನ್ನಡ ಮಾಡಿ ಬರೆಯುತ್ತೇನೆ.

"ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ತಿ. ನೀನು ನಮ್ಮಲ್ಲಿ ಒಂದು ರಾತ್ರಿ ಮಲಗಿದವಳಲ್ಲ, ಒಂದು ಲೋಟ ನೀರು ಕುಡಿದವಳಲ್ಲ. ಇಂಗ್ಲಿಷು ಕಲಿತ ಹುಡುಗಿ ಅಂತ ನಾವೂ ಕರೀಲಿಲ್ಲ ಅನ್ನು. ಈಗ ದೈವ ಕೇಳಿದ್ರೆ ನಾನೆಂತ ಹೇಳುದು?"

ಹಾಗಾದರೆ ಬರುತ್ತೇನೆ ಎಂದು ಎದ್ದೆ.

"ಕೂತ್ಕೊ. ಒಂದು ಕೆಲಸ ಮಾಡು. ಬಂದು ಇಲ್ಲಿರು. ಇದ್ದವಳನ್ನು ಇದ್ಳು ಅಂತ ಹೇಳ್ಲಿಕ್ಕೆ ನನಗೆಂತ ಹೆದರಿಕೆ?"

ಹೆಜಮಾಡಿಯ ಮನೆ ಕಡಲಿಗೆ ಹೋಯಿತಲ್ಲ ಎಂದೆ.

"ಗೋಡೆ ಹೋಯ್ತು. ದೈವ ಇಲ್ಲುಂಟು. ದೈವ ಇದ್ದದ್ದೇ ನಮ್ಮ ಮನೆ."

೮ ಆಗಸ್ಟ್

ಇದು ಸುಳ್ಳೇ, ಅಲ್ಲವೇ? ಬಾಳಿದಳು ಎನ್ನುತ್ತಾರೆ, ಯಾವಾಗ ಎಂದು ಹೇಳುವುದಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಇದನ್ನು ಸುಳ್ಳಿಗಿಂತ ಕೀಳು ಎನ್ನುತ್ತಿದ್ದರು. ಆದರೆ ನಿಜ ಬರೆದದ್ದರಿಂದ ನಾನು ಗಂಡ ಬಿಟ್ಟವಳಾದೆ. ನಿಜವನ್ನು ಇನ್ನೂ ಚೆನ್ನಾಗಿ ಬರೆದದ್ದರಿಂದ ಯಾರೂ ಅಲ್ಲದವಳಾದೆ. ಚಂಪಾ ಹೋಗಬೇಡ ಎನ್ನುತ್ತಾಳೆ. ಕಾಲೇಜಿನ ವಿಷಯ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ನಿಂತಳು.

೧೭ ಅಕ್ಟೋಬರ್, ಅಂಧೇರಿ

ದೀಪಾವಳಿ ರಜೆಗೆ ಬಂದಿದ್ದೇನೆ. ಚಂಪಾ ಘಾಟ್ಕೋಪರಿನಲ್ಲಿ ಪಕ್ಕದ ಕೋಣೆಯ ವಿನೋದಿನಿಬೆನ್ ಅವರ ಜತೆ ಮಲಗುತ್ತಾಳೆ. ನಾನು ಒಂದು ಚೀಲ ಮಾತ್ರ ತಂದದ್ದು. ಚಪ್ಪಲಿ ಬಿಟ್ಟ ಮೇಲೆ ನೋಡಿದರೆ, ನನಗೇ ತಿಳಿಯದಂತೆ ಅವನ್ನು ರಸ್ತೆಯ ಕಡೆಗೆ ತಿರುಗಿಸಿ ಇಟ್ಟಿದ್ದೆ. ಅವರು ನೆನಪಾದರು. ಅವರಿಗೂ ಪ್ರತಿ ರಜೆಯಲ್ಲಿ ಹೀಗೇ ಆಗುತ್ತಿತ್ತೇ?

೨೪ ಅಕ್ಟೋಬರ್

ಅತಿಥಿಯೆಂದು ಭಾವಿಸಿದ್ದು ಎರಡು ದಿನ. ಮೂರನೆಯ ದಿನ ವಾರಿಜಾ ನನ್ನೆದುರು ಉದ್ದು ಅಕ್ಕಿ ತಂದಿಟ್ಟು ರುಬ್ಬುವ ಕಲ್ಲು ತೋರಿಸಿದರು. ಬಾಳುವುದೆಂದರೆ ಬಾಳುವುದೇ ಎಂದರು. ನಮ್ಮಲ್ಲಿ ಸೊಸೆ ಎನ್ನುವವಳು ಇರಲೇ ಇಲ್ಲ, ಈಗ ನಿನ್ನ ಸರಕಾರಕ್ಕೋಸ್ಕರ ಒಬ್ಬಳನ್ನು ಮಾಡಬೇಕು ಎಂದು ನಕ್ಕರು. ಸೀಮೆಸುಣ್ಣ ಮಾತ್ರ ಹಿಡಿದು ಗೊತ್ತಿದ್ದ ನನ್ನ ಬೆರಳುಗಳ ತುದಿ ಸುಲಿದಿದೆ.

ರುಬ್ಬುವಾಗ ಅವರು ಪ್ರಶ್ನೆ ಕೇಳುತ್ತಾರೆ, ವಿಚಾರಣೆಗೆ ತಯಾರಿ. ಬಾವಿ ಎಲ್ಲಿ? ಪಡುವಣದ ಮೂಲೆಯಲ್ಲಿ. ನೀರು? ಬೇಸಗೆಯಲ್ಲಿ ಸ್ವಲ್ಪ ಉಪ್ಪು. ಅಡುಗೆಮನೆಗೆ? ಮೆಟ್ಟಿಲಿಳಿದು ಹೋಗಬೇಕು, ಬಾಗಿಲು ತಗ್ಗು. ಹೊಸದಾಗಿ ಬಂದವಳನ್ನು ದೀಪ ಹಿಡಿದು ಒಳಗೆ ಕರೆದವರು? "ನಾನು ಅಂತ ಹೇಳು" ಎಂದರು. ಒಂದು ತಪ್ಪಾದರೂ ಮತ್ತೆ ಮೊದಲಿನಿಂದ. ನನ್ನ ಶಾಲೆಯ ಮಕ್ಕಳ ಬೆನ್ನಿಗೆ ನಾನೂ ಹೀಗೇ ಬೀಳುತ್ತೇನಲ್ಲ ಎನಿಸಿತು.

೧೪ ನವೆಂಬರ್

ಶಾಲೆ ಶುರುವಾಗಿದೆ. ಇಲ್ಲಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ವಿಚಾರಣೆಯವರು ಯಾವ ದಿನ ಬರುತ್ತಾರೋ ಗೊತ್ತಿಲ್ಲ, ಬಂದಾಗ ಇರಬೇಕಲ್ಲ. ಭಾನುವಾರ ಚಂಪಾ ಬರುತ್ತಾಳೆ, ಹೋಟೆಲಿನ ಮೇಜಿನ ಬಳಿಯೇ ಕೂತು ಹೋಗುತ್ತಾಳೆ.

ನಿನ್ನೆ ವಾರಿಜಕ್ಕ ತಮ್ಮನ ಬಾಲ್ಯದ್ದು ಹೇಳಿದರು. ಉಬ್ಬರದ ದಿನ ಅಂಗಳಕ್ಕೆ ಬಂದ ಏಡಿಗಳನ್ನು ಅವರು ಕೊಡಪಾನದಲ್ಲಿ ಹಾಕಿಟ್ಟು ಹೆಸರು ಕೊಡುತ್ತಿದ್ದರಂತೆ. ಇಪ್ಪತ್ತು ವರ್ಷದಲ್ಲಿ ಇದನ್ನು ನನಗೆ ಏಕೆ ಹೇಳಲಿಲ್ಲ? ಅಥವಾ ನಾನು ಕೇಳಿರಲಿಲ್ಲವೇ?

೬ ಡಿಸೆಂಬರ್

ಯುದ್ಧ. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದೇವೆ. ಸೈರನ್ ಕೂಗಿದಾಗ ವಾರಿಜಕ್ಕ ದೈವದ ದೀಪವನ್ನು ಮಾತ್ರ ಆರಿಸಲು ಬಿಡಲಿಲ್ಲ, ಅದರ ಮೇಲೆ ಕೊಳಗ ಕವುಚಿ ಹಾಕಿದರು.

೩೦ ಡಿಸೆಂಬರ್

ಫೋರ್ಟಿಗೆ ಹೋದೆ. ಜಗುಲಿಯ ತುಂಬ ಹೊಸ ವಿಧವೆಯರು. ಅವರ ಕಾಗದಗಳು ಮೊದಲು, ನಿಮ್ಮದು ಶಾಂತಿಕಾಲದ ಸಾವು, ಕೆಳಗಿಟ್ಟಿದ್ದಾರೆ ಎಂದು ಶಿವಪುತ್ರಪ್ಪ ಹೇಳಿದರು. ನನ್ನ ಪಕ್ಕದಲ್ಲಿ ಸಾತಾರದ ಒಬ್ಬ ಹುಡುಗಿ, ಹೆಚ್ಚೆಂದರೆ ಹತ್ತೊಂಬತ್ತು, ಮಡಿಲಲ್ಲಿ ಮಗು. ಒಳಗಿನಿಂದ ಅಧಿಕಾರಿಯೇ ಹೊರಗೆ ಬಂದು ಅವಳಿಗೆ ಕೈ ಮುಗಿದರು. ಇವಳ ಗಂಡ ಸರಿಯಾದ ತಿಂಗಳಲ್ಲಿ ಸತ್ತ ಎಂದು ನನಗೆ ಅನಿಸಿತು.

ಅನಿಸಿದ್ದನ್ನು ಹಾಗೆಯೇ ಬರೆದಿದ್ದೇನೆ. ಹೊಡೆದು ಹಾಕುವುದಿಲ್ಲ.

೨ ಫೆಬ್ರವರಿ ೧೯೭೨

ಏನೂ ಇಲ್ಲ. ಚಳಿಗೆ ಹಿಟ್ಟು ಹುಳಿ ಬರಲಿಲ್ಲ. ಅಕ್ಕ ನನ್ನನ್ನೇ ಬೈದರು.

೨೧ ಏಪ್ರಿಲ್

ವಿಚಾರಣೆಯವರು ಬಂದು ಹೋದರು. ತರುಣ, ಮರಾಠಿ ಹುಡುಗ, ಬೆವರಿದ್ದ. ಸೀನ ಅವನೆದುರು ಮಸಾಲೆದೋಸೆ ಇಟ್ಟು ತನ್ನ ಕಾಗದಕ್ಕೆ ಸಹಿ ಹಾಕಿದ. ಆ ಹುಡುಗ ಅಕ್ಕನನ್ನು ಕೇಳಿದ: ಈಕೆ ನಿಮ್ಮ ತಮ್ಮನ ಹೆಂಡತಿಯಾಗಿ ನಿಮ್ಮ ಮನೆಯಲ್ಲಿ ಇದ್ದರೇ? ಅಕ್ಕ ಅಡುಗೆಕೋಣೆಯ ಮೂಲೆಯನ್ನೊಮ್ಮೆ ನೋಡಿ, "ಹಾಂ, ಹಮಾರೇ ಘರ್ ಮೇ ರಹೀ. ಮೇರೇ ಹಾಥ್ ಕೇ ನೀಚೇ ಕಾಮ್ ಕೀ" ಎಂದರು. ನಮ್ಮ ಮನೆಯಲ್ಲಿದ್ದಳು, ನನ್ನ ಕೈಕೆಳಗೆ ಕೆಲಸ ಮಾಡಿದಳು: ಎರಡರಲ್ಲಿ ಒಂದೂ ಈಗ ಸುಳ್ಳಲ್ಲ.

ಆಮೇಲೆ ನನ್ನ ಸರದಿ. ಮನೆ ಹೇಗಿತ್ತು ಎಂದು ಕೇಳಿದ. ಬಾವಿ, ಉಪ್ಪುನೀರು, ಅಂಗಳದ ಏಡಿಗಳು, ಎಲ್ಲ ಹೇಳಿದೆ. ಅಡುಗೆಮನೆಯ ಬಾಗಿಲು ಎಷ್ಟು ತಗ್ಗೆಂದರೆ ಮೊದಲ ದಿನವೇ ನನ್ನ ಹಣೆ ಬಡಿಯಿತು, ನಮ್ಮವರು ಹಿಂದಿನಿಂದ ನಕ್ಕರು, ಆಮೇಲೆ ತಣ್ಣೀರಲ್ಲಿ ಅದ್ದಿದ ಬಟ್ಟೆ ತಂದುಕೊಟ್ಟರು ಎಂದೆ. ಹುಡುಗ ಬರೆಯುವುದನ್ನು ನಿಲ್ಲಿಸಿ ಮುಗುಳ್ನಕ್ಕ. ಅವನಿಗೆ ಹೊಸದಾಗಿ ಮದುವೆಯಾಗಿರಬೇಕು.

ಅವನು ಹೋದ ಮೇಲೆ ಅಕ್ಕ ಕೇಳಿದರು: "ಹಣೆ ಬಡಿದದ್ದು ನಾನು ಹೇಳಿಕೊಟ್ಟದ್ದಲ್ಲ. ಎಲ್ಲಿಂದ ತಂದದ್ದು?" ಯೋಚಿಸಿದೆ. ನೆನಪಾಗಲಿಲ್ಲ. ನೀವೇ ಯಾವಾಗಲೋ ಹೇಳಿರಬೇಕು ಎಂದೆ.

೨೩ ಏಪ್ರಿಲ್

ಅಕ್ಕ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ದೈವಕ್ಕೆ ಹೂವಿಟ್ಟು ಅಲ್ಲಿಯೇ ಕೂತಿರುತ್ತಾರೆ. ಹೆದರಿಕೆಯೇ ಎಂದು ಕೇಳಿದೆ.

"ಹೆದರಿಕೆ ಅಲ್ಲ. ಹೆಂಡತಿ ಮಕ್ಕಳು ಎಷ್ಟಿದ್ರೂ ನಮ್ಮಲ್ಲಿ ತಮ್ಮ ಅಂದ್ರೆ ಅಕ್ಕನವ. ಹುಟ್ಟಿದಂದಿನಿಂದ ನನ್ನವ. ಮೊನ್ನೆ ಆ ಹುಡುಗ ದೋಸೆ ತಿಂದು ಮುಗಿಸುವಷ್ಟರಲ್ಲಿ ನಿನಗೆ ಕೊಟ್ಟುಬಿಟ್ಟೆ."

ತಟ್ಟೆಗೆ ಗಂಜಿ ಬಡಿಸಿದೆ. ಎಲ್ಲ ಹೆಂಡತಿಯರಿಗೂ ಸಿಗುವುದೇ ನನಗೂ ಸಿಕ್ಕಿದೆ, ಅದರಲ್ಲಿ ಕೊಡುವುದೇನು ಬಂತು ಎಂದೂ ಅನಿಸಿತು.

೧೬ ಜೂನ್

ಘಾಟ್ಕೋಪರಿನ ಕೋಣೆ ಬಿಟ್ಟೆವು. ಎರಡು ಕಡೆ ಬಾಡಿಗೆ ಏಕೆ? ಹೆಂಡತಿಯಾದವಳು ಗಂಡನ ಮನೆಯಲ್ಲಿ ಇರುವುದೇ ಸರಿ ಎಂದಾಗ ಚಂಪಾ, ಇದನ್ನು ಹೇಳುತ್ತಿರುವುದು ನೀನೇನಾ ಎಂಬಂತೆ ನೋಡಿದಳು. "ಯೇ ತುಮ್ ಬೋಲ್ ರಹೀ ಹೋ?" ಎಂದಳಷ್ಟೆ. ಕಾಲೇಜಿಗೆ ಹೋಗುವ ಹುಡುಗಿಯರಿಗೆ ಎಲ್ಲದಕ್ಕೂ ಸಿಟ್ಟು.

೮ ಸೆಪ್ಟೆಂಬರ್

ಪಿಂಚಣಿ ಮಂಜೂರಾಯಿತು. ಕಾಗದ ನೋಡಿ ಸೀನ ಹೋಟೆಲಿನವರಿಗೆಲ್ಲ ಶೀರಾ ಮಾಡಿಸಿದ. ಚಂಪಾ ಬಿ.ಎ. ಮುಗಿಸಬಹುದು. ಪ್ರತಿ ವರ್ಷ ನಾನು ಬದುಕಿದ್ದೇನೆ, ಮತ್ತೆ ಮದುವೆಯಾಗಿಲ್ಲ ಎಂದು ಬರೆದುಕೊಡಬೇಕು. ಅದು ಕಷ್ಟವಲ್ಲ.

ಸಂಜೆ ಚಂಪಾ ಅವರ ಕಪ್ಪು ಟ್ರಂಕನ್ನು ತೆರೆದು ಬಟ್ಟೆಗಳನ್ನು ಗಾಳಿಗೆ ಹಾಕಿದಳು. ಕೆಳಗಿದ್ದ ಬೂಟುಗಳನ್ನು ಒರೆಸಿ ಹೊಸ್ತಿಲಲ್ಲಿ ಇಟ್ಟಳು, ಮೂತಿ ರಸ್ತೆಗೆ.

"ಪಪ್ಪಾ ಹೀಗೇ ಇಡ್ತಿದ್ರು, ಹೈ ನಾ ಮಮ್ಮಿ? ಬೋಳಾರ್ ಮನೇಲಿ. ಅಜ್ಜಿ ನಗ್ತಿದ್ರು."

ನಾನು ಎದ್ದು ಅವನ್ನು ಒಳಕ್ಕೆ ತಿರುಗಿಸಿ ಇಟ್ಟೆ. ಹಾಗಲ್ಲ, ನೀನು ಸಣ್ಣವಳಿದ್ದೆ, ನಿನಗೆ ನೆನಪಿಲ್ಲ ಎಂದೆ. ಅವಳು ಮತ್ತೆ ಬೂಟಿಗೆ ಕೈ ಹಾಕಿದಳು, ನಾನು ಬಿಡಲಿಲ್ಲ. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಒಳಗೆ ಹೋಗಿ ದೀಪ ಹಚ್ಚಿದರು.

ಮಕ್ಕಳ ನೆನಪನ್ನು ನಂಬಲಾಗದು. ಅವಳು ಮುಂದೆ ಓದಲೆಂದು ಸರಿಯಾಗಿ ಬರೆದಿಡುತ್ತೇನೆ. ಮದುವೆಯಾಗಿ ಹೆಜಮಾಡಿಗೆ ಹೋದದ್ದು ಮುಸ್ಸಂಜೆ. ಅಲೆಗಳ ಸದ್ದು ಅಂಗಳದವರೆಗೆ ಕೇಳುತ್ತಿತ್ತು. ಅಕ್ಕ ದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಬಲಗಾಲಿಟ್ಟು ಬಾ ಎಂದರು. ಅಡುಗೆಮನೆಯ ಬಾಗಿಲು ಹಣೆಗೆ ಬಡಿದು ಕಣ್ಣಲ್ಲಿ ನೀರು ಬಂತು. ಚಳಿಗಾಲದಲ್ಲಿ ಆ ಜಾಗ ಈಗಲೂ ನೋಯುತ್ತದೆ. ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿಕೊಂಡು ಹೊರಗೆ ಬಂದಾಗ ಅವರು ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಬೂಟುಗಳು ಹೊಸ್ತಿಲ ಬಳಿ ಇದ್ದವು, ಒಳಮುಖವಾಗಿ, ತಮ್ಮ ಮನೆಗೆ ಬಂದವರು ಇಡುವಂತೆ.